ತುಂಬಿದ ಬ್ಯಾಟರಿ, ಮುಚ್ಚಿಟ್ಟ ಐಬು

ಹುಬ್ಬಳ್ಳಿಯ ಗೋಕುಲ ರಸ್ತೆ ಚಕ್ರಗಳ ಮೇಲೆ ಬದುಕುವ ರಸ್ತೆ. ಹೊಸ ಬಸ್ ನಿಲ್ದಾಣ ಇಲ್ಲಿದೆ. 1997ರಲ್ಲಿ ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ. ವಿಮಾನ ನಿಲ್ದಾಣಕ್ಕೂ ಇದೇ ದಾರಿ. ಕೈಗಾರಿಕಾ ವಸಾಹತು, ವಿದ್ಯುತ್ ಮೋಟಾರಿಗೆ ಹೆಸರಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಘಟಕ ಎಲ್ಲವೂ ಈ ದಾರಿಯಲ್ಲೇ ಸಿಗುತ್ತವೆ. ಉಳಿದ ಜಾಗವನ್ನು ಕಾರಿನ ಷೋರೂಮುಗಳು, ಗ್ಯಾರೇಜುಗಳು, ಟೈರು ಮತ್ತು ಬ್ಯಾಟರಿ ಅಂಗಡಿಗಳು ಹಂಚಿಕೊಂಡಿವೆ. ಹೊಸ ಗಾಡಿಯ ಆಸೆಯಿಂದ ಬರುವವರು, ಹಳೆಯ ಗಾಡಿಗೆ ಗಿರಾಕಿ ಹುಡುಕುವವರು ಇಬ್ಬರೂ ಇಲ್ಲಿ ದಿನವೂ ಎದುರಾಗುತ್ತಾರೆ.

ಈ ರಸ್ತೆಗೆ ಹತ್ತಿರದ ನಮ್ಮ ಮನೆಯ ಮುಂದೆ ಹತ್ತು ವರ್ಷ ದಾಟಿದ ಒಂದು ಸಣ್ಣ ವಿದ್ಯುತ್ ಕಾರು ನಿಂತಿದೆ. ಹೊಸದಿದ್ದಾಗ ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರಿನ ಹತ್ತಿರ ಓಡುತ್ತಿತ್ತು. ಈಗ ಐವತ್ತೈದಕ್ಕೆ ಉಸಿರು ಬಿಡುತ್ತದೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಮಾತು ಮನೆಯಲ್ಲಿ ಎದ್ದಾಗ ಪರಿಚಯದ ದಲ್ಲಾಳಿಯೊಬ್ಬರು ಬಂದು ನೋಡಿದರು. ಬಣ್ಣ ಮಾಸಿಲ್ಲ, ಸೀಟು ಹರಿದಿಲ್ಲ, ಮೋಟಾರಿನ ಸದ್ದೇ ಇಲ್ಲ. ಕಲಘಟಗಿ ಕಡೆಯ ಯುವಕನೊಬ್ಬ ನಾಳೆಯೇ ನೋಡಲು ಬರುತ್ತಾನೆ ಎಂದರು. ಹೊರಡುವಾಗ ಒಂದು ಸಲಹೆ ಕೊಟ್ಟರು: "ರಾತ್ರಿ ಪೂರ್ತಿ ಚಾರ್ಜ್ ಮಾಡಿ ನಿಲ್ಲಿಸ್ರಿ. ನೂರಕ್ಕೆ ನೂರು ತೋರಸ್ತದ. ಅದಕಿಂತ ಹೆಚ್ಚು ಯಾರೂ ಕೇಳೂದಿಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ಕಾರಿನ ಮೀಟರು ನಿಜಕ್ಕೂ ನೂರನ್ನೇ ತೋರಿಸುತ್ತದೆ. ಆದರೆ ಅದು ಹೊಸ ಬ್ಯಾಟರಿಯ ನೂರಲ್ಲ, ಇಂದು ಉಳಿದಿರುವ ಬ್ಯಾಟರಿಯ ನೂರು. ಹತ್ತು ಸೇರಿನ ಚೀಲ ಸವೆದು ಆರು ಸೇರಿನದಾಗಿದ್ದರೂ ಬಾಯಿಯವರೆಗೆ ತುಂಬಿದರೆ ಅದನ್ನು ತುಂಬಿದ ಚೀಲ ಎಂದೇ ಕರೆಯುತ್ತೇವಲ್ಲ, ಹಾಗೆ. ಯುವಕ ಕಲಘಟಗಿಯಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಬಂದು ಹೋಗಬೇಕಾದವನು. ಹೋಗಿ ಬರುವ ದಾರಿ ಸುಮಾರು ಅರವತ್ತು ಕಿಲೋಮೀಟರ್. ಮೀಟರಿನ ನೂರನ್ನು ನಂಬಿ ಅವನು ಹಣ ಕೊಟ್ಟರೆ, ಮೊದಲ ವಾರದಲ್ಲೇ ಸಂಜೆ ಹೊತ್ತು ಊರು ಇನ್ನೂ ಐದು ಕಿಲೋಮೀಟರ್ ಇರುವಾಗ ರಸ್ತೆಯ ಬದಿಗೆ ನಿಲ್ಲಬೇಕಾಗುತ್ತದೆ.

ಇದು ನಮ್ಮೊಬ್ಬರ ಮನೆಯ ಪ್ರಶ್ನೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ವಿದ್ಯುತ್ ಕಾರಿನ ಚರಿತ್ರೆಯುದ್ದಕ್ಕೂ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದ್ದಿದೆ. ಇನ್ನು ಕೆಲವೇ ವರ್ಷಗಳಲ್ಲಿ ಅದು ಸಾವಿರಾರು ಕುಟುಂಬಗಳ ಅಂಗಳಕ್ಕೆ ಬರಲಿದೆ.

ಮೊದಲ ಸೋಲು

ವಿದ್ಯುತ್ ಕಾರು ಇಂದು ನಿನ್ನೆಯದಲ್ಲ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದನು. ಆ ಶತಮಾನ ಮುಗಿಯುವ ಹೊತ್ತಿಗೆ ಯುರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಬ್ಯಾಟರಿ ಕಾರುಗಳು ಓಡಾಡುತ್ತಿದ್ದವು. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದೇ ಕಾಲದಲ್ಲಿ ಅಮೆರಿಕದಲ್ಲಿ ವಿದ್ಯುತ್ ಕಾರು ಪೆಟ್ರೋಲ್ ಕಾರಿಗೆ ಸರಿಸಮನಾದ ಪೈಪೋಟಿ ಕೊಡುತ್ತಿತ್ತು. ಹೊಗೆಯಿಲ್ಲ, ಸದ್ದಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲ. ಪೆಟ್ರೋಲ್ ಕಾರನ್ನು ಮನೆಮನೆಗೆ ತಲುಪಿಸಿದ ಹೆನ್ರಿ ಫೋರ್ಡ್‌ನ ಪತ್ನಿ ಕ್ಲಾರಾ ಸ್ವತಃ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಕಾರನ್ನು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಗುಂಡಿ ಒತ್ತಿದರೆ ಪೆಟ್ರೋಲ್ ಎಂಜಿನ್ ತಾನೇ ಏಳತೊಡಗಿತು. ಫೋರ್ಡಿನ ಕಾರು ವರ್ಷದಿಂದ ವರ್ಷಕ್ಕೆ ಅಗ್ಗವಾಯಿತು, ಊರಿಂದೂರಿಗೆ ರಸ್ತೆಗಳಾದವು, ಪೆಟ್ರೋಲ್ ಬಂಕುಗಳು ಹುಟ್ಟಿದವು. ಭಾರವಾದ, ದೂರ ಹೋಗದ, ಕೆಲವೇ ವರ್ಷಗಳಲ್ಲಿ ಸವೆಯುವ ಬ್ಯಾಟರಿಯನ್ನು ನೆಚ್ಚಿಕೊಂಡಿದ್ದ ವಿದ್ಯುತ್ ಕಾರು ಹಿಂದೆ ಬಿತ್ತು. ಅದು ಸೋತದ್ದು ಮೋಟಾರಿನಿಂದಲ್ಲ, ಬ್ಯಾಟರಿಯಿಂದ. ನೂರು ವರ್ಷಗಳ ನಂತರವೂ ಹಳೆಯ ವಿದ್ಯುತ್ ಕಾರಿನ ಭವಿಷ್ಯವನ್ನು ತೀರ್ಮಾನಿಸುವುದು ಅದೇ ಬ್ಯಾಟರಿ.

ಬೆಂಗಳೂರಿನ ರೇವಾ

ಭಾರತದಲ್ಲಿ 1993ರಲ್ಲಿ ಲವ್‌ಬರ್ಡ್ ಎಂಬ ಎರಡು ಸೀಟಿನ ವಿದ್ಯುತ್ ಕಾರು ಬಂದಿತ್ತಾದರೂ ಅದು ಬೇರೂರಲಿಲ್ಲ. ದೇಶದ ವಿದ್ಯುತ್ ಕಾರಿನ ನಿಜವಾದ ಕಥೆ ಶುರುವಾಗುವುದು ನಮ್ಮ ಬೆಂಗಳೂರಿನಿಂದ. ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ, ಮೈನಿ ಸಮೂಹ ಮತ್ತು ಅಮೆರಿಕದ ಕಂಪನಿಯೊಂದರ ಸಹಭಾಗಿತ್ವದಲ್ಲಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಹುಟ್ಟಿತು. ಏಳು ವರ್ಷಗಳ ಪ್ರಯೋಗದ ನಂತರ 2001ರಲ್ಲಿ ರೇವಾ ಕಾರು ಬೆಂಗಳೂರಿನ ರಸ್ತೆಗಿಳಿಯಿತು. ಎರಡೇ ಬಾಗಿಲಿನ ಆ ಪುಟ್ಟ ಕಾರನ್ನು ಜನ ಆಟಿಕೆ ಎಂದು ಕರೆದು ನಕ್ಕರು. ಆದರೆ 2004ರ ಹೊತ್ತಿಗೆ ಅದೇ ಆಟಿಕೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡುತ್ತಿತ್ತು. ಅಲ್ಲಿ 2003ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಿದ್ದರು. ವಿದ್ಯುತ್ ಕಾರಿಗೆ ಆ ಶುಲ್ಕದಿಂದ ವಿನಾಯಿತಿ ಇತ್ತು.

ರೇವಾದ ಮುಂದಿನ ಸೀಟುಗಳ ಕೆಳಗೆ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್. ಪೂರ್ತಿ ಚಾರ್ಜಿಗೆ ಸುಮಾರು ಎಂಟು ಗಂಟೆ, ಓಡುವ ದೂರ 80 ಕಿಲೋಮೀಟರ್ ಎಂಬುದು ಕಂಪನಿಯ ಲೆಕ್ಕ. ಇಂಥ ಬ್ಯಾಟರಿಗಳ ಬಾಳಿಕೆ ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು. ಹಾಗಾಗಿ ಹಳೆಯ ರೇವಾ ಕೊಳ್ಳುವವರು ಕಾರಿನ ವಯಸ್ಸಿಗಿಂತ ಬ್ಯಾಟರಿಯ ವಯಸ್ಸನ್ನು ಕೇಳಬೇಕಿತ್ತು. ಬ್ಯಾಟರಿ ಹಳೆಯದಾಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆದರೆ ಲೆಕ್ಕ ಮುಗಿಯಿತು. ಸೀಸದ ಬ್ಯಾಟರಿ ನಮ್ಮ ಪೇಟೆಗೆ ಅಪರಿಚಿತವೇನಲ್ಲ. ಟ್ರ್ಯಾಕ್ಟರಿಗೆ, ಲಾರಿಗೆ, ಮನೆಯ ಇನ್ವರ್ಟರಿಗೆ ಬಳಸುವ ಜಾತಿಯದೇ ಅದು. ಸತ್ತ ಬ್ಯಾಟರಿಗೂ ಒಂದು ಬೆಲೆ ಇತ್ತು, ಏಕೆಂದರೆ ಸೀಸಕ್ಕೆ ಬೆಲೆ ಇತ್ತು.

ಮುಂದೆ ತಂತ್ರಜ್ಞಾನ ಬದಲಾಯಿತು. 1991ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಕ್ಯಾಮೆರಾ, ಮೊಬೈಲುಗಳನ್ನು ದಾಟಿ ಕಾರಿಗೂ ಬಂತು. 2009ರಲ್ಲಿ ರೇವಾ ತನ್ನ ಲಿಥಿಯಂ ಮಾದರಿಯನ್ನು ಹೊರತಂದಿತು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಶೇ. 55ಕ್ಕಿಂತ ತುಸು ಹೆಚ್ಚಿನ ಪಾಲನ್ನು ಕೊಂಡಿತು. ಬೊಮ್ಮಸಂದ್ರದ ಹೊಸ ಕಾರ್ಖಾನೆಯಿಂದ 2013ರಲ್ಲಿ ಇ-ಟು-ಓ ಎಂಬ ಕಾರು ಹೊರಬಂತು, 2016ರಲ್ಲಿ ಅದರ ನಾಲ್ಕು ಬಾಗಿಲಿನ ರೂಪ ಬಂತು. 2019ರಲ್ಲಿ ಆ ಸಾಲು ನಿಂತುಹೋಯಿತು.

ಈ ಹೊಸ ಪೀಳಿಗೆಯ ಕಾರಿನಲ್ಲಿ ಒಂದು ವಿಶೇಷವಿತ್ತು. ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಯನ್ನು ಸಂಪರ್ಕಿಸಿದರಾಯಿತು, ಬ್ಯಾಟರಿಯಲ್ಲಿ ಕಾದಿರಿಸಿದ್ದ ಸ್ವಲ್ಪ ಶಕ್ತಿಯನ್ನು ಅವರು ದೂರದಿಂದಲೇ ಬಿಡಿಸಿಕೊಡುತ್ತಿದ್ದರು. ಅನುಕೂಲವೇನೋ ಹೌದು. ಆದರೆ ಇದರ ಇನ್ನೊಂದು ಅರ್ಥವನ್ನೂ ಗಮನಿಸಬೇಕು. ಬ್ಯಾಟರಿಯ ಒಳಗೆ ಏನಿದೆ ಎಂಬುದು ಈಗ ತಯಾರಕರಿಗೆ ಮತ್ತು ಅವರ ಕಂಪ್ಯೂಟರಿಗೆ ಗೊತ್ತು, ಬೀದಿಯ ಮೆಕ್ಯಾನಿಕನಿಗೆ ಗೊತ್ತಿಲ್ಲ, ಎಷ್ಟೋ ಸಲ ಮಾಲೀಕನಿಗೂ ಗೊತ್ತಿಲ್ಲ.

ಕಾರು ಯಾರದ್ದು?

ಇಟ್ಟುಕೊಳ್ಳುವುದೋ ಮಾರುವುದೋ ಎಂದು ಯೋಚಿಸುವುದೇ ಒಂದು ಹಕ್ಕು. ಆ ಹಕ್ಕು ಎಲ್ಲರಿಗೂ ಸಿಕ್ಕಿರಲಿಲ್ಲ. 1996ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಇವಿ-1 ಎಂಬ ವಿದ್ಯುತ್ ಕಾರನ್ನು ತಂದಾಗ ಅದನ್ನು ಯಾರಿಗೂ ಮಾರಲಿಲ್ಲ, ಲೀಸಿಗೆ ಮಾತ್ರ ಕೊಟ್ಟಿತು. ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಕಾರುಗಳನ್ನು ತಯಾರಿಸಿ, ನಂತರ ಯೋಜನೆಯನ್ನೇ ಕೈಬಿಟ್ಟಿತು. ಓಡಿಸುತ್ತಿದ್ದವರು ತಾವೇ ಕೊಳ್ಳುತ್ತೇವೆ ಎಂದು ಅಂಗಲಾಚಿದರೂ ಕಾರುಗಳನ್ನು ಹಿಂದಕ್ಕೆ ತೆಗೆದುಕೊಂಡು ಬಹುಪಾಲನ್ನು ಪುಡಿ ಮಾಡಿಸಿತು. ಕೆಲವು ವಸ್ತುಸಂಗ್ರಹಾಲಯ ಸೇರಿದವು. 2012ರಲ್ಲಿ ಬಂದ ಫ್ರಾನ್ಸಿನ ರೆನೊ ಜೋಯಿಯದು ಇನ್ನೊಂದು ಬಗೆ. ಯುರೋಪಿನ ಅನೇಕರು ಕಾರನ್ನು ಕೊಂಡರು, ಬ್ಯಾಟರಿಗೆ ಮಾತ್ರ ತಿಂಗಳ ಬಾಡಿಗೆ ಕಟ್ಟಿದರು. ಅಂಥ ಕಾರನ್ನು ಮಾರುವಾಗ ಬಾಡಿಗೆಯ ಕರಾರನ್ನೂ ಕೊಳ್ಳುವವನ ತಲೆಗೆ ಕಟ್ಟಬೇಕಾಯಿತು.

ಸೆಖೆಯ ಪಾಠ ಕಲಿಸಿದ್ದು 2010ರಲ್ಲಿ ಬಂದ ನಿಸ್ಸಾನ್ ಲೀಫ್. ಅದರ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದ ಉರಿಬಿಸಿಲಿನಲ್ಲಿ ಎರಡೇ ವರ್ಷದಲ್ಲಿ ಬ್ಯಾಟರಿಗಳು ಕುಗ್ಗಿದವು ಎಂದು ಮಾಲೀಕರು 2012ರಲ್ಲಿ ದೂರಿದರು. ಕಂಪನಿ ಮರುವರ್ಷ ಬ್ಯಾಟರಿಯ ಸಾಮರ್ಥ್ಯಕ್ಕೇ ಖಾತರಿ ಕೊಡಬೇಕಾಯಿತು. ಆ ಮಾಲೀಕರಿಗೆ ಕುಗ್ಗಿದ್ದು ಗೊತ್ತಾದದ್ದು ಹೇಗೆ? ಲೀಫ್ ಕಾರಿನ ಮೀಟರಿನಲ್ಲಿ ಎರಡು ಲೆಕ್ಕಗಳಿದ್ದವು. ಇಂದು ಎಷ್ಟು ತುಂಬಿದೆ ಎಂಬುದು ಒಂದು. ತುಂಬಿಸಿಕೊಳ್ಳುವ ಶಕ್ತಿ ಎಷ್ಟು ಉಳಿದಿದೆ ಎಂಬುದು ಇನ್ನೊಂದು, ಅದಕ್ಕೆ ಹನ್ನೆರಡು ಗೀಟುಗಳು. ನಮ್ಮ ದಲ್ಲಾಳಿ ಮುಚ್ಚಿಡಲು ಹೇಳಿದ್ದು ಈ ಎರಡನೆಯ ಲೆಕ್ಕವನ್ನೇ.

ಉಸ್ತಾದರ ಕಣ್ಣು

ಹಳೆಯ ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಕೊಳ್ಳುವವರು ಗ್ಯಾರೇಜಿನ ಉಸ್ತಾದರನ್ನು ಜೊತೆಗೆ ಕರೆದೊಯ್ಯುವುದು ನಮ್ಮ ಊರುಗಳ ವಾಡಿಕೆ. ಉಸ್ತಾದರು ಬಾನೆಟ್ ಎತ್ತಿ ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಆಯಿಲ್ ಕಡ್ಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಸೈಲೆನ್ಸರಿನ ಹೊಗೆ ಬಿಳಿಯೋ, ನೀಲಿಯೋ, ಕಪ್ಪೋ ಎಂದು ಗಮನಿಸುತ್ತಾರೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಸವೆದಿದೆ. ಹತ್ತು ನಿಮಿಷದಲ್ಲಿ ಗಾಡಿಯ ಐಬು ಹೊರಬೀಳುತ್ತದೆ. ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಿರಲಿಲ್ಲ. ಗ್ಯಾರೇಜು, ಟಿಂಕರಿಂಗ್, ಸೀಟು ಹೊಲಿಗೆ, ಗುಜರಿ ಈ ಕಸುಬುಗಳಲ್ಲಿ ಮುಸ್ಲಿಂ ಕುಟುಂಬಗಳು ಬಹುಸಂಖ್ಯೆಯಲ್ಲಿವೆ. ಶಾಲೆ ಅರ್ಧಕ್ಕೆ ಬಿಟ್ಟ ಎಷ್ಟೋ ಹುಡುಗರು ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿದೇ ಬದುಕು ಕಟ್ಟಿಕೊಂಡರು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಆದರೂ ಅವು ಮರುದಿನ ಗುಜರಿಗೆ ಹೋಗಲಿಲ್ಲ. ಬಿಡಿಭಾಗ ಪೇಟೆಯಲ್ಲಿತ್ತು, ಇಲ್ಲದಿದ್ದರೆ ಇನ್ನೊಂದು ಗಾಡಿಯದನ್ನು ಕೂಡಿಸುವ ಕೈಚಳಕ ಉಸ್ತಾದರಲ್ಲಿತ್ತು. ತಯಾರಕ ಕೈಬಿಟ್ಟ ಮೇಲೂ ಗಾಡಿಯನ್ನು ಬದುಕಿಸುವ ಶಕ್ತಿ ಬೀದಿಯಲ್ಲಿತ್ತು.

ಲಿಥಿಯಂ ಬ್ಯಾಟರಿಯ ಕಾರಿನಲ್ಲಿ ಈ ಶಕ್ತಿಗೆ ಪೆಟ್ಟು ಬಿದ್ದಿದೆ. ಅದಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ಆಯಿಲ್ ಕಡ್ಡಿಯಿಲ್ಲ. ಮೋಟಾರು ಹತ್ತು ವರ್ಷವಾದರೂ ಹೊಸದರಂತೆಯೇ ತಿರುಗುತ್ತದೆ. ಮುಪ್ಪು ಬರುವುದು ಮುಚ್ಚಿದ ಪೆಟ್ಟಿಗೆಯ ಒಳಗೆ. ಆ ಪೆಟ್ಟಿಗೆಯಲ್ಲಿ ಹಲವು ಸೆಲ್‌ಗಳಿವೆ, ಅವುಗಳ ಕಾವು ಮತ್ತು ವೋಲ್ಟೇಜನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಿದೆ. ಸೆಲ್‌ಗಳು ಬಳಸಿದಷ್ಟೂ ಸವೆಯುತ್ತವೆ, ಬಳಸದೆ ಇಟ್ಟರೂ ಕಾಲ ಕಳೆದಂತೆ ಸವೆಯುತ್ತವೆ. ಬಿಸಿಲು, ಸದಾ ನೂರರವರೆಗೆ ತುಂಬಿ ನಿಲ್ಲಿಸುವುದು, ಪೂರ್ತಿ ಬರಿದಾಗಲು ಬಿಡುವುದು ಈ ಮೂರೂ ಸವೆತವನ್ನು ಬೇಗ ತರುತ್ತವೆ. ಒಂದೇ ವರ್ಷ ಹುಟ್ಟಿದ, ಒಂದೇ ಬಣ್ಣದ ಎರಡು ಕಾರುಗಳಲ್ಲಿ ಒಂದು ಗಟ್ಟಿಯಾಗಿರಬಹುದು, ಇನ್ನೊಂದು ಟೊಳ್ಳಾಗಿರಬಹುದು. ಹೊರಗಿನಿಂದ ಎರಡೂ ಒಂದೇ.

ಮನೆಯ ಲೆಕ್ಕ

ಹಾಗಾದರೆ ಇಟ್ಟುಕೊಂಡರೆ ಲಾಭವೋ, ಮಾರಿದರೆ ಲಾಭವೋ? ಇಲ್ಲಿ ಎರಡು ಲೆಕ್ಕಗಳನ್ನು ಹಾಕಬೇಕು.

ಮೊದಲನೆಯದು ದೂರದ ಲೆಕ್ಕ. ಪೂರ್ತಿ ಚಾರ್ಜ್ ಮಾಡಿ, ನಿತ್ಯದ ರಸ್ತೆಯಲ್ಲಿ ನಿತ್ಯದ ವೇಗದಲ್ಲಿ ಓಡಿಸಿ, ಕಾರು ನಿಜವಾಗಿ ಎಷ್ಟು ದೂರ ಬರುತ್ತದೆ ಎಂದು ಎರಡು ಮೂರು ಸಲ ಬರೆದಿಟ್ಟುಕೊಳ್ಳಬೇಕು. ನಮಗೆ ಬಂದ ಉತ್ತರ 55. ಗೋಕುಲ ರಸ್ತೆಯಿಂದ ಪೇಟೆಗೆ, ಆಸ್ಪತ್ರೆಗೆ, ಶಾಲೆಗೆ, ರೈಲು ನಿಲ್ದಾಣಕ್ಕೆ ಹೋಗಿ ಬಂದರೂ ದಿನಕ್ಕೆ ಇಪ್ಪತ್ತು ದಾಟುವುದಿಲ್ಲ. ಧಾರವಾಡಕ್ಕೆ ಹೋಗಿ ಬರಲು ನಲವತ್ತರ ಮೇಲಾಗುತ್ತದೆ, ಹಾದಿಯಲ್ಲಿ ಎದೆ ಸ್ವಲ್ಪ ಡವಡವ ಎನ್ನುತ್ತದೆ. ಗದಗ, ಬೆಳಗಾವಿಯ ಮಾತೇ ಬೇಡ. ಅಂದರೆ ಊರೊಳಗಿನ ಮನೆಗೆ ಈ ಕಾರು ಇನ್ನೂ ಪೂರ್ತಿ ಕಾರು. ಊರು ದಾಟುವವನಿಗೆ ಅದು ಅರ್ಧ ಕಾರು.

ಎರಡನೆಯದು ಹಣದ ಲೆಕ್ಕ. ಇಂಥ ಸಣ್ಣ ಕಾರು ಒಂದು ಯುನಿಟ್ ವಿದ್ಯುತ್ತಿನಲ್ಲಿ ಆರೇಳು ಕಿಲೋಮೀಟರ್ ಓಡುತ್ತದೆ. ಯುನಿಟ್ಟಿಗೆ 6 ರೂಪಾಯಿ ಹಿಡಿದರೂ ಕಿಲೋಮೀಟರಿಗೆ ಒಂದು ರೂಪಾಯಿ. ಲೀಟರಿಗೆ 100 ರೂಪಾಯಿಯಂತೆ 18 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಐದೂವರೆ ರೂಪಾಯಿ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿದರೆ 2,700 ರೂಪಾಯಿ, ವರ್ಷಕ್ಕೆ 32,000ದಷ್ಟು ಉಳಿತಾಯ. ಹಳೆಯ ವಿದ್ಯುತ್ ಕಾರಿಗೆ ಪೇಟೆಯಲ್ಲಿ ಸಿಗುವ ಬೆಲೆ ಎಷ್ಟು ಇಳಿದಿರುತ್ತದೆಂದರೆ, ಕೆಲವು ವರ್ಷಗಳ ಈ ಉಳಿತಾಯವೇ ಅದನ್ನು ಮೀರಬಹುದು.

ಹೊಸ ಬ್ಯಾಟರಿ ಹಾಕಿಸಿದರೆ ಹೇಗೆ? ಜಗತ್ತಿನ ಮಾರುಕಟ್ಟೆಯಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ 2010ರ ಸುಮಾರಿಗೆ ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರಿಗೂ ಹೆಚ್ಚಿತ್ತು. 2024ರಲ್ಲಿ ಅದು 115 ಡಾಲರಿಗೆ ಇಳಿಯಿತು. ಆದರೆ ಈ ಇಳಿಕೆ ಹಳೆಯ ಕಾರಿನ ಮಾಲೀಕನ ಮನೆ ಬಾಗಿಲಿಗೆ ಬರುವುದಿಲ್ಲ. ತಯಾರಿಕೆ ನಿಂತ ಕಾರಿನ ಅಳತೆಗೆ, ಅದರ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಒಗ್ಗುವ ಪೆಟ್ಟಿಗೆ ಸಿಗುವುದೇ ಕಷ್ಟ. ಸಿಕ್ಕರೂ ಅದರ ಬೆಲೆ ಕಾರಿನ ಬೆಲೆಯನ್ನು ಮೀರಬಹುದು.

ಸರಕಾರದ ನಿಯಮಗಳೂ ಎರಡು ಕಡೆಗೆ ಎಳೆಯುತ್ತವೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ನವೀಕರಿಸಬೇಕು. 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಬ್ಯಾಟರಿ ವಾಹನಗಳಿಗೆ ನೋಂದಣಿ ಮತ್ತು ನವೀಕರಣದ ಶುಲ್ಕವನ್ನು ಮನ್ನಾ ಮಾಡಿತು. ಇದು ಇಟ್ಟುಕೊಳ್ಳುವವನಿಗೆ ಅನುಕೂಲ. ಇನ್ನು 2024ರ ಡಿಸೆಂಬರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ವ್ಯಾಪಾರಿಗಳು ಹಳೆಯ ವಿದ್ಯುತ್ ಕಾರನ್ನು ಕೊಂಡು ಮಾರಿದಾಗ ಅವರ ಲಾಭಾಂಶದ ಮೇಲಿನ ತೆರಿಗೆಯನ್ನು ಶೇ. 12ರಿಂದ 18ಕ್ಕೆ ಏರಿಸಲು ತೀರ್ಮಾನಿಸಿತು. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ನೇರವಾಗಿ ಮಾರಿದರೆ ಈ ತೆರಿಗೆಯಿಲ್ಲ. ಹೀಗಾಗಿ ಹಳೆಯ ವಿದ್ಯುತ್ ಕಾರುಗಳು ವ್ಯಾಪಾರಿಯ ಖಾತರಿಯಿಲ್ಲದೆ, ಕೈಯಿಂದ ಕೈಗೆ, ಬಾಯಿಮಾತಿನ ನಂಬಿಕೆಯ ಮೇಲೆ ಮಾರಾಟವಾಗುವ ಸಾಧ್ಯತೆಯೇ ಹೆಚ್ಚು. ಆ ಬಾಯಿಮಾತು ಸತ್ಯವಾಗಿರಬೇಕಾದ ಅಗತ್ಯವೂ ಅಷ್ಟೇ ಹೆಚ್ಚು.

ಒದ್ದೆ ಧಾನ್ಯದ ರಾಶಿ

ಮೇಲೆ ನಾವು ಬಳಸಿದ 'ಐಬು' ಎಂಬ ಮಾತು ಅರಬಿಯಿಂದ ಬಂದದ್ದು. ದಲ್ಲಾಳಿ ಎಂಬುದೂ ಅಲ್ಲಿಯದೇ. ಖರೀದಿ, ಕಿಮ್ಮತ್ತು, ರಸೀದಿ, ಜಾಮೀನು ಹೀಗೆ ನಮ್ಮ ಸಂತೆಯ ಕನ್ನಡದಲ್ಲಿ ಅರಬಿ-ಪಾರಸಿಯ ನಂಟು ಎದ್ದು ಕಾಣುತ್ತದೆ. ವಿಜಾಪುರದ ಆದಿಲಶಾಹಿ, ಸವಣೂರಿನ ನವಾಬರು, ಹೈದರ್-ಟಿಪ್ಪು ಇವರ ಕಾಲದ ಆಡಳಿತ ಮತ್ತು ವ್ಯಾಪಾರ ಈ ಮಾತುಗಳನ್ನು ನೆಲದಲ್ಲಿ ಬೇರೂರಿಸಿತು. ಹಳೆ ಹುಬ್ಬಳ್ಳಿಯೂ ಸವಣೂರಿನ ನವಾಬರ ಕೈಯಲ್ಲಿದ್ದ ಪೇಟೆಯೇ. ಮಾತಿನ ಜೊತೆಗೆ ಆ ಮಾತಿನ ಹಿಂದಿನ ನೀತಿಯೂ ಬಂದಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಪ್ರವಾದಿ ಮುಹಮ್ಮದ್(ಸ)ರವರು ಒಮ್ಮೆ ಮದೀನಾದ ಪೇಟೆಯಲ್ಲಿ ಹೋಗುತ್ತಿದ್ದಾಗ ಧಾನ್ಯದ ರಾಶಿಯೊಂದರ ಒಳಗೆ ಕೈಯಿಟ್ಟರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದೂ ಎಚ್ಚರಿಸಿದರು. ಆ ವ್ಯಾಪಾರಿ ಬಾಯಿಂದ ಸುಳ್ಳು ಹೇಳಿರಲಿಲ್ಲ. ಮಳೆ ತಂದವನೂ ಅವನಲ್ಲ. ಒದ್ದೆ ಧಾನ್ಯ ಮಾರುವುದನ್ನು ಪ್ರವಾದಿವರ್ಯರು ತಡೆಯಲೂ ಇಲ್ಲ. ತಪ್ಪಿದ್ದದ್ದು ಮೇಲಿನ ಒಣ ಪದರದಲ್ಲಿ. ರಾತ್ರಿಯೆಲ್ಲ ಚಾರ್ಜ್ ಮಾಡಿ ನೂರು ತೋರಿಸಿ ನಿಲ್ಲಿಸಿದ ಹಳೆಯ ಕಾರು ಇದಕ್ಕಿಂತ ಹೇಗೆ ಬೇರೆ?

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ 'ಖಿಯಾರುಲ್ ಐಬ್' ಎಂಬ ನಿಯಮವಿದೆ. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ, ಆದರೆ ತಿಳಿಸದ ದೋಷ ಕಂಡುಬಂದರೆ ವ್ಯಾಪಾರವನ್ನು ಮುರಿಯುವ ಹಕ್ಕು ಕೊಂಡವನಿಗಿದೆ. 19ನೇ ಶತಮಾನದಲ್ಲಿ ಉಸ್ಮಾನಿ ಸಾಮ್ರಾಜ್ಯದ 'ಮಜಲ್ಲಾ' ಕಾನೂನು ಇದನ್ನು ಕಲಮುಗಳಾಗಿ ಬರೆದಿಟ್ಟಿತು. ಬ್ರಿಟಿಷರು ನಮಗೆ ಕೊಟ್ಟ ಕಾನೂನು ಬೇರೆ ಕಡೆಯಿಂದ ಹೊರಡುತ್ತದೆ. 1872ರ ಕರಾರು ಕಾಯ್ದೆಯ ಪ್ರಕಾರ ದೋಷವನ್ನು ಬೇಕೆಂದೇ ಮರೆಮಾಚುವುದು ವಂಚನೆ, ಆದರೆ ಹೇಳಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರೀ ಮೌನ ವಂಚನೆಯಲ್ಲ. 1930ರ ಸರಕು ಮಾರಾಟ ಕಾಯ್ದೆಯ ಹಿಂದೆಯೂ, ಕೆಲವು ವಿನಾಯಿತಿಗಳೊಡನೆ, ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ತತ್ವವಿದೆ. ಹೊಗೆ ನೋಡಿ ಎಂಜಿನ್ನನ್ನು ಅಳೆಯುವ ಕಾಲಕ್ಕೆ ಈ ತತ್ವ ಹೇಗೋ ನಡೆಯಿತು, ಏಕೆಂದರೆ ಎಚ್ಚರವಾಗಿರಲು ಕಣ್ಣಿತ್ತು, ಕಿವಿಯಿತ್ತು, ಉಸ್ತಾದರಿದ್ದರು. ಒಳಗೆ ಇಣುಕಲಾಗದ ಪೆಟ್ಟಿಗೆಯ ಮುಂದೆ ಎಚ್ಚರವಾಗಿರು ಎಂದರೆ ಅವನಾದರೂ ಏನು ಮಾಡಬೇಕು? ತಿಳಿದವನೇ ಹೇಳಬೇಕು. ಇದು ಮುಸಲ್ಮಾನನಿಗೆ ಮಾತ್ರ ಹೇಳಿದ ನೀತಿಯಲ್ಲ. ಕಾಯಕದಲ್ಲಿ ಶುದ್ಧಿ ಬೇಕೆಂದ ಶರಣರ ನಾಡು ಇದು.

ಯುರೋಪ್ ಒಕ್ಕೂಟ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2023ರ ಅದರ ನಿಯಮದಂತೆ 2027ರ ಫೆಬ್ರುವರಿಯಿಂದ ಅಲ್ಲಿ ಮಾರುಕಟ್ಟೆಗೆ ಬರುವ ವಿದ್ಯುತ್ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಬ್ಯಾಟರಿ ಎಲ್ಲಿ ಹುಟ್ಟಿತು, ಯಾವ ವಸ್ತುಗಳಿಂದ ಆಯಿತು ಎಂಬ ಜಾತಕ ಅದರ ಜೊತೆಗೇ ಇರುತ್ತದೆ. ನಮ್ಮಲ್ಲೂ ಇದರ ತುರ್ತು ಇದೆ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2020ರ ಆರಂಭದಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರು ದೊಡ್ಡ ಸಂಖ್ಯೆಯಲ್ಲಿ ಮನೆಗಳನ್ನು ತಲುಪಿತು. ಅದರ ಬ್ಯಾಟರಿಗೆ ಕಂಪನಿ ಕೊಟ್ಟ ಖಾತರಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ಅಂದರೆ 2028ರಿಂದ ಸಾಲುಸಾಲಾಗಿ ಕಾರುಗಳು ಖಾತರಿಯ ಗಡಿ ದಾಟಲಿವೆ. ಆಗ ಗೋಕುಲ ರಸ್ತೆಯ ಪೇಟೆ ಯಾವ ರೂಢಿಯನ್ನು ಹಿಡಿದಿರುತ್ತದೆ, ಒಣ ಪದರದ್ದೋ, ಒದ್ದೆಯನ್ನು ಮೇಲಿಡುವುದೋ?

ಗುಜರಿಯ ಬಾಗಿಲಲ್ಲಿ

ಮೂರನೆಯ ದಾರಿಯೊಂದಿದೆ, ಗುಜರಿ. ಸೀಸದ ಬ್ಯಾಟರಿ ಒಡೆದು, ಹಿತ್ತಲಲ್ಲಿ ಕಾಯಿಸಿ, ಸೀಸ ತೆಗೆಯುವ ಕಸುಬು ಎಷ್ಟೋ ಬಡವರ ಹೊಟ್ಟೆ ತುಂಬಿಸಿದೆ. ಆದರೆ ಆ ಹೊಗೆ ಮತ್ತು ಧೂಳು ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಯನ್ನೇ ಕುಂದಿಸುತ್ತದೆ. ಲಿಥಿಯಂ ಬ್ಯಾಟರಿಯ ಅಪಾಯ ಬೇರೆ ತರಹದ್ದು. ಅದನ್ನು ಸುತ್ತಿಗೆಯಿಂದ ಒಡೆದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು, ಆ ಬೆಂಕಿ ಆರಿದಂತೆ ಕಂಡು ಮತ್ತೆ ಏಳಬಹುದು. ದೊಡ್ಡ ಕಾರುಗಳ ಪೆಟ್ಟಿಗೆಯಲ್ಲಿ ಮುನ್ನೂರು ವೋಲ್ಟಿನ ಮೇಲ್ಪಟ್ಟ ವಿದ್ಯುತ್ತು ಇರುತ್ತದೆ, ಮುಟ್ಟಿದರೆ ಜೀವವೇ ಹೋಗಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಸತ್ತ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಸಿದವರು ಅದನ್ನು ಮನೆಯ ಕಸಕ್ಕೆ ಬೆರೆಸದೆ ಅಧಿಕೃತರಿಗೆ ಒಪ್ಪಿಸಬೇಕು. ನಾಲ್ಕು ಕಾಸಿನ ಆಸೆಗೆ ಸತ್ತ ಬ್ಯಾಟರಿಯನ್ನು ಓಣಿಯ ಗುಜರಿಗೆ ಹಾಕುವವರು, ಅದನ್ನು ಒಡೆಯಲು ಕೂರುವ ಹುಡುಗನಿಗೂ ಉತ್ತರ ಹೇಳಬೇಕಾಗುತ್ತದೆ.

ಇದರಲ್ಲೇ ಒಂದು ಅವಕಾಶವೂ ಇದೆ. ಬ್ಯಾಟರಿಯ ಆರೋಗ್ಯ ಅಳೆಯುವ ಉಪಕರಣ, ಸೆಲ್‌ಗಳನ್ನು ಸುರಕ್ಷಿತವಾಗಿ ಬಿಚ್ಚಿ ಜೋಡಿಸುವ ತರಬೇತಿ, ಕೈಗವಸು ಮತ್ತು ಶಿಸ್ತು ಇವು ಗ್ಯಾರೇಜಿನ ಹುಡುಗರಿಗೆ ಸಿಗಬೇಕು. ಜಮಾಅತುಗಳು, ಐಟಿಐಗಳು, ನಮ್ಮ ಸಂಘ-ಸಂಸ್ಥೆಗಳು ಹೊಲಿಗೆ ಯಂತ್ರ ಹಂಚುವಷ್ಟೇ ಉತ್ಸಾಹದಿಂದ ಇದಕ್ಕೂ ಕೈಹಾಕಬೇಕು. ನಿನ್ನೆ ಹೊಗೆ ನೋಡಿ ಐಬು ಹೇಳಿದ ಉಸ್ತಾದರ ಮೊಮ್ಮಗ ನಾಳೆ ಬ್ಯಾಟರಿ ಅಳೆದು ಐಬು ಹೇಳುವಂತಾದರೆ, ಕಸುಬೂ ಉಳಿಯುತ್ತದೆ, ಕೊಳ್ಳುವ ಬಡವನೂ ಉಳಿಯುತ್ತಾನೆ.

ಮರುದಿನ ಕಲಘಟಗಿಯ ಯುವಕ ಬಂದ. ಮೀಟರು ನೂರನ್ನೇ ತೋರಿಸುತ್ತಿತ್ತು. ಓಡುವುದು ಐವತ್ತೈದೇ ಕಿಲೋಮೀಟರ್, ನಿನ್ನ ದಾರಿಗೆ ಇದು ಸಾಲದು ಎಂದು ಹೇಳಿ, ಬರೆದಿಟ್ಟ ಲೆಕ್ಕವನ್ನೂ ತೋರಿಸಿದೆವು. ಅವನು ಸ್ವಲ್ಪ ಹೊತ್ತು ಕಾರಿನ ಸುತ್ತ ಸುತ್ತಿದ. ಇಷ್ಟ ಬಿಟ್ಟುಕೊಡಲಾಗದವನಂತೆ ಬಾಗಿಲು ತೆಗೆದು ಒಮ್ಮೆ ಕೂತು ನೋಡಿದ. ಆಮೇಲೆ ಚಹಾ ಕುಡಿದು ಬಸ್ಸಿಗೆ ಹೋದ. ದಲ್ಲಾಳಿಯವರು ಮುನಿಸಿಕೊಂಡರು.

ಕಾರು ನಮ್ಮ ಮನೆಯ ಮುಂದೆಯೇ ಇದೆ. ಊರೊಳಗಿನ ಕೆಲಸಕ್ಕೆ ಅದು ಸಾಕು. ಓಡುವ ವಸ್ತುವನ್ನು ಮೂಲೆಗೆಸೆದು ಹೊಸದಕ್ಕೆ ಸಾಲ ಮಾಡುವುದು ದುಂದು, ಇಸ್ರಾಫ್. ದಿನದ ಇಪ್ಪತ್ತು ಕಿಲೋಮೀಟರಿಗೂ ಅದು ಸಾಲದಾದ ದಿನ ಮಾರುವ ಯೋಚನೆ ಮತ್ತೆ ಬರಬಹುದು. ಓಡುವ ದೂರವನ್ನು ಒಂದು ಹಾಳೆಯಲ್ಲಿ ತಾರೀಖಿನ ಸಹಿತ ಬರೆಯುತ್ತ ಬಂದಿದ್ದೇವೆ. ಕೊಳ್ಳುವವರು ಯಾರೇ ಆಗಲಿ, ಕೀಲಿಕೈಗಿಂತ ಮೊದಲು ಆ ಹಾಳೆಯನ್ನು ಅವರ ಕೈಗೆ ಕೊಡುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ.